ರವೇಲನೂ ಒಂಟಿಗೈಯ ವಾದಕನೂ

ನಮ್ಮ ಸಂಗೀತದಲ್ಲಿ ಹಾಡುವವನಿಗೆ ಸ್ವಾತಂತ್ರ್ಯ ಹೆಚ್ಚು. ಒಂದೇ ಕೀರ್ತನೆಗೆ ಒಬ್ಬೊಬ್ಬ ವಿದ್ವಾಂಸನೂ ತನ್ನ ಕಲ್ಪನಾಸ್ವರಗಳನ್ನು ಸೇರಿಸಿದರೆ ನಾವು ತಲೆದೂಗುತ್ತೇವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ರಚನಕಾರನು ಬರೆದಿಟ್ಟ ಸ್ವರವೇ ಬಹುಮಟ್ಟಿಗೆ ಪ್ರಮಾಣ. ಈ ಭೇದವನ್ನು ನೆನೆದರೆ ಫ್ರೆಂಚ್ ರಚನಕಾರ ಮಾರಿಸ್ ರವೇಲನ ಬಾಳಿನ ಒಂದು ಸಂಜೆಯ ಮರ್ಮ ತಿಳಿದೀತು.

ರವೇಲನು 1875ರ ಮಾರ್ಚ್ 7ರಂದು ಸ್ಪೇನಿನ ಗಡಿಗೆ ಸಮೀಪದ ಸಿಬೂರ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಎಂಜಿನಿಯರ್. ಒಂದೊಂದು ಸ್ವರವನ್ನೂ ತೂಗಿನೋಡಿ ಇಡುವುದು ಮಗನ ರೀತಿ. ಮೊದಲನೆಯ ಮಹಾಯುದ್ಧದಲ್ಲಿ, ಮೈತೂಕ ಸಾಲದೆಂದು ಸೈನ್ಯವು ತಿರಸ್ಕರಿಸಿದರೂ ಹಟಹಿಡಿದು ಲಾರಿ ಚಾಲಕನಾಗಿ ವರ್ಡನ್ ರಣರಂಗದ ಬಳಿ ದುಡಿದನು.

ಅದೇ ಯುದ್ಧದಲ್ಲಿ ಶತ್ರುಪಕ್ಷವಾದ ಆಸ್ಟ್ರಿಯಾದ ಕಡೆ ಪೌಲ್ ವಿಟ್ಗೆನ್‌ಸ್ಟೈನ್ ಎಂಬ ತರುಣ ಪಿಯಾನೋ ವಾದಕನಿದ್ದನು. ತತ್ತ್ವಜ್ಞಾನಿ ಲುಡ್ವಿಗನ ಅಣ್ಣ. 1914ರಲ್ಲಿ ಗಾಯಗೊಂಡು ಬಲಗೈಯನ್ನು ಕಳೆದುಕೊಂಡು ರಷ್ಯನ್ನರ ಸೆರೆಯಾದನು. ಸೈಬೀರಿಯಾದ ಶಿಬಿರದಲ್ಲಿ ಮರದ ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತ ಎಡಗೈಯನ್ನು ಪಳಗಿಸಿದನು. ಬಿಡುಗಡೆಯಾದ ಮೇಲೆ ಹೆಸರಾಂತ ರಚನಕಾರರಿಂದ ಒಂಟಿಗೈಗೆ ಒಗ್ಗುವ ಕೃತಿಗಳನ್ನು ಬರೆಸಿಕೊಂಡನು. ಅವನ ಕೋರಿಕೆಯಂತೆ ರವೇಲನು 1929–30ರಲ್ಲಿ ಎಡಗೈಗೆಂದೇ ಒಂದು ಕಂಚೆರ್ಟೊವನ್ನು ರಚಿಸಿದನು. ವಾದ್ಯವೃಂದದ ಮಂದ್ರದ ಗೊಣಗಿನಿಂದ ಅದು ಮೊದಲಾಗುತ್ತದೆ. ಕಣ್ಣುಮುಚ್ಚಿ ಕೇಳಿದವನಿಗೆ ಎರಡು ಕೈಗಳು ನುಡಿಸುತ್ತಿರುವಂತೆಯೇ ಭಾಸವಾಗುತ್ತದೆ.

1932ರ ಜನವರಿ 5ರಂದು ವಿಯೆನ್ನಾದಲ್ಲಿ ಕೃತಿಯ ಪ್ರಥಮ ವಾದನ ನಡೆದಾಗ ರವೇಲನು ಅಲ್ಲಿರಲಿಲ್ಲ. ಕೆಲಕಾಲದ ಬಳಿಕ, ವಾದಕಿ ಮಾರ್ಗರಿತ್ ಲಾಂಗಳೊಡನೆ ಆ ನಗರಕ್ಕೆ ಬಂದನು. ವಿಟ್ಗೆನ್‌ಸ್ಟೈನನು ಮನೆಯಲ್ಲಿ ಔತಣವನ್ನಿತ್ತು, ವಾದ್ಯವೃಂದದ ಬದಲಿಗೆ ಎರಡನೆಯ ಪಿಯಾನೋ ಇರಿಸಿ ನುಡಿಸತೊಡಗಿದನು. ಕೇಳುತ್ತ ಕೇಳುತ್ತ ರವೇಲನ ಮುಖ ಕಪ್ಪಿಟ್ಟಿತು. ವಾದ್ಯವೃಂದಕ್ಕೆ ಬರೆದ ಸಾಲುಗಳು ಪಿಯಾನೋವಿಗೆ ಬಂದಿದ್ದವು. ಕೆಲವು ಭಾಗಗಳು ಬದಲಾಗಿದ್ದವು. ಹೊಸ ಅಲಂಕಾರಗಳೂ ಸೇರಿದ್ದವು. ವಾದನ ಮುಗಿದೊಡನೆ ಅವನು ನೇರವಾಗಿ ಆಕ್ಷೇಪಿಸಿದನು. ನುಡಿಸುವವನು ದಾಸನಲ್ಲವೆಂಬುದು ವಿಟ್ಗೆನ್‌ಸ್ಟೈನನ ನಿಲುವು; ಬರೆದುದೇ ಕೃತಿಯೆಂಬುದು ರವೇಲನ ನಿಲುವು. ಇಬ್ಬರ ಸ್ನೇಹ ಮುರಿಯಿತು.

ಇಬ್ಬರನ್ನೂ ನಾವು ಅನುಕಂಪದಿಂದ ನೋಡಬೇಕು. ಒಬ್ಬನಿಗೆ ಉಳಿದಿದ್ದುದು ಒಂದೇ ಕೈ. ಅದರ ಪರಾಕ್ರಮವನ್ನು ಲೋಕಕ್ಕೆ ತೋರಿಸುವ ಹಂಬಲ ಅವನದು. ಮತ್ತೊಬ್ಬನಾದರೋ ಆ ಒಂದು ಕೈಯ ಶಕ್ತಿಯನ್ನು ಅಳೆದೇ ಪ್ರತಿಯೊಂದು ಸ್ವರವನ್ನೂ ಬರೆದಿದ್ದನು. 1933ರ ಜನವರಿ 17ರಂದು ಪ್ಯಾರಿಸಿನಲ್ಲಿ ವಿಟ್ಗೆನ್‌ಸ್ಟೈನನು ಅದನ್ನು ನುಡಿಸಿದನು. ವಾದ್ಯವೃಂದವನ್ನು ನಡೆಸಿದವನು ರವೇಲನೇ. ಕೃತಿಯ ಹಿರಿಮೆಯನ್ನು ವಾದಕನೂ ಕ್ರಮೇಣ ಒಪ್ಪಿಕೊಂಡನು.

ಅಷ್ಟರಲ್ಲಿ ರವೇಲನನ್ನು ಮೆದುಳಿನ ವ್ಯಾಧಿ ಆವರಿಸಿತು. ಸಂಗೀತವು ಮನಸ್ಸಿನಲ್ಲಿ ಮೂಡುತ್ತಿದ್ದರೂ ಕೈ ಬರೆಯದಾಯಿತು. ಹೆಸರನ್ನು ಬರೆಯುವುದೂ ದುಸ್ತರವಾಯಿತು. ಶಸ್ತ್ರಚಿಕಿತ್ಸೆಯ ನಂತರ 1937ರ ಡಿಸೆಂಬರ್ 28ರಂದು ಅವನು ತೀರಿಕೊಂಡನು. ಬಲಗೈಯಿಲ್ಲದ ಒಬ್ಬನಿಗೆ ಮಹಾಕೃತಿಯನ್ನು ಬರೆದುಕೊಟ್ಟ ಕೈ ಕೊನೆಗೆ ತಾನೇ ಸೋತಿತು. ಅದು ಬರೆದಿಟ್ಟ ಸ್ವರಗಳು ಮಾತ್ರ ಸೋಲಲಿಲ್ಲ.