ಬಿಸಿಯೂಟದ ಮುಖ್ಯಮಂತ್ರಿ ಕಾಮರಾಜರು

ಚೆನ್ನೈಯಲ್ಲಿ ವಾಸಿಸುವ ಕನ್ನಡ ವಿದ್ಯಾರ್ಥಿಗಳಿಗೆ ಕಾಮರಾಜರ ಹೆಸರು ಅಪರಿಚಿತವಲ್ಲ. ಸಮುದ್ರ ತೀರದ ಹೆದ್ದಾರಿಗೆ ಅವರದೇ ಹೆಸರುಂಟು. ಆದರೆ ಶಾಲೆಯನ್ನು ಅರ್ಧದಲ್ಲಿಯೇ ಬಿಟ್ಟ ಒಬ್ಬ ಬಾಲಕನು ಮುಂದೆ ಲಕ್ಷಾಂತರ ಮಕ್ಕಳನ್ನು ಶಾಲೆಗೆ ಕರೆತಂದ ಬಗೆಯನ್ನು ತಿಳಿದವರು ನಮ್ಮಲ್ಲಿ ಕಡಿಮೆ.

ಅವರು ಹುಟ್ಟಿದ್ದು 1903ನೆಯ ಇಸವಿ ಜುಲೈ 15ರಂದು, ಇಂದು ವಿರುದುನಗರವೆನಿಸಿಕೊಂಡಿರುವ ವಿರುದುಪಟ್ಟಿಯಲ್ಲಿ. ತಂದೆ ಕುಮಾರಸ್ವಾಮಿ ನಾಡಾರರು ಮಗನ ಎಳವೆಯಲ್ಲಿಯೇ ತೀರಿಕೊಂಡರು. ಸಂಸಾರದ ಭಾರವೆಲ್ಲ ತಾಯಿ ಶಿವಕಾಮಿ ಅಮ್ಮಾಳರ ಹೆಗಲಿಗೆ ಬಿತ್ತು. ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ ಬಾಲಕನು ಶಾಲೆಗೆ ಶರಣು ಹೊಡೆದು ಸೋದರಮಾವನ ಅಂಗಡಿಯಲ್ಲಿ ಕುಳಿತನು. ಬುದ್ಧಿ ಸಾಲದೆ ಬಿಟ್ಟ ಶಾಲೆಯಲ್ಲ ಅದು. ಬಡತನವು ಬಿಡಿಸಿದ ಶಾಲೆ.

ಮುಂದೆ ಸ್ವಾತಂತ್ರ್ಯ ಹೋರಾಟವು ಅವರನ್ನು ಸೆಳೆಯಿತು. 1930ರ ಉಪ್ಪಿನ ಸತ್ಯಾಗ್ರಹದಿಂದ ಮೊದಲುಗೊಂಡು ಹಲವು ಸಲ ಸೆರೆಮನೆ ಸೇರಿ, ಒಟ್ಟು ಎಂಟು ವರ್ಷಗಳಿಗೂ ಮಿಕ್ಕ ಕಾಲವನ್ನು ಅಲ್ಲಿ ಕಳೆದರು. ವಿವಾಹವಾಗಲಿಲ್ಲ. 1954ರ ಏಪ್ರಿಲ್‌ನಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾದರು. ಆಗ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಅದೇ ರಾಜ್ಯಕ್ಕೆ ಸೇರಿದ್ದುದರಿಂದ, 1956ರ ನವೆಂಬರಿನವರೆಗೆ ಅವರು ಅಲ್ಲಿನ ಕನ್ನಡಿಗರಿಗೂ ಮುಖ್ಯಮಂತ್ರಿಗಳೇ.

ಮಕ್ಕಳು ಅರ್ಧ ದಿನ ಶಾಲೆಯಲ್ಲಿಯೂ ಉಳಿದ ಹೊತ್ತು ಮನೆತನದ ಕಸುಬಿನಲ್ಲಿಯೂ ಕಳೆಯಬೇಕೆಂಬ 1953ರ ಯೋಜನೆಯನ್ನು ಅವರು ಬಂದೊಡನೆ ಕೈಬಿಟ್ಟರು. ಆದರೆ ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುವರೇ? ಕಾಮರಾಜರು ಪ್ರವಾಸದಲ್ಲಿದ್ದಾಗ ದನ ಕಾಯುವ ಹುಡುಗನೊಬ್ಬನನ್ನು ಶಾಲೆಗೇಕೆ ಹೋಗಲಿಲ್ಲವೆಂದು ಕೇಳಿದರಂತೆ. ಹೋದರೆ ಊಟ ಯಾರು ಕೊಡುವರೆಂದು ಅವನು ಮರುಪ್ರಶ್ನೆ ಹಾಕಿದನಂತೆ. ತಮಿಳುನಾಡಿನಲ್ಲಿ ಈ ಕಥೆಯನ್ನು ಹೇಳದ ಊರಿಲ್ಲ. ತಾವೇ ಶಾಲೆ ಬಿಟ್ಟವರಿಗೆ ಇಂಥ ಪ್ರಶ್ನೆಯ ಅರ್ಥವನ್ನು ಬೇರೆಯವರು ತಿಳಿಸಬೇಕಾಗಿರಲಿಲ್ಲ.

ಈ ಯೋಚನೆ ಅವರಿಗಿಂತ ಹಿಂದಿನದು. 1920ರಲ್ಲಿಯೇ ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ ಮದರಾಸು ಕಾರ್ಪೊರೇಷನ್ನು ಥೌಸಂಡ್ ಲೈಟ್ಸಿನ ತನ್ನ ಶಾಲೆಯಲ್ಲಿ ಮಕ್ಕಳಿಗೆ ಉಪಾಹಾರ ಕೊಡಲು ಮೊದಲು ಮಾಡಿತ್ತು. ಖರ್ಚಿಗೆ ಆಂಗ್ಲ ಸರ್ಕಾರ ಒಪ್ಪದೆ ಅದು ನಿಂತುಹೋಯಿತು. ಕಾಮರಾಜರು ಆ ಕೆಲಸವನ್ನು ಇಡೀ ರಾಜ್ಯಕ್ಕೆ ಹಬ್ಬಿಸಲು ಹೊರಟರು. 1956ರಲ್ಲಿ, ಕವಿ ಸುಬ್ರಹ್ಮಣ್ಯ ಭಾರತಿಯವರ ಹುಟ್ಟೂರಾದ ಎಟ್ಟಯಪುರದಲ್ಲಿ ಮಧ್ಯಾಹ್ನದ ಊಟಕ್ಕೆ ಆರಂಭವಾಯಿತು. ವಿದ್ಯಾ ಇಲಾಖೆಯ ನಿರ್ದೇಶಕರಾದ ನೆ. ದು. ಸುಂದರವಡಿವೇಲು ಅವರು ಇದಕ್ಕೆ ಹೆಗಲು ಕೊಟ್ಟರು. ಬೊಕ್ಕಸವೊಂದನ್ನೇ ನೆಚ್ಚಿ ಕೂರದೆ ಊರವರ ನೆರವನ್ನು ಬೇಡಲಾಯಿತು. ಹಣವಿಲ್ಲದವರು ಧಾನ್ಯ ಕೊಟ್ಟರು, ಸೌದೆ ಕೊಟ್ಟರು. ಊರಿನವರೇ ಬೇಯಿಸಿ ಬಡಿಸಿದ ಅನ್ನವಾದುದರಿಂದ ಶಾಲೆಯೂ ಊರಿನದಾಯಿತು. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಏರಿತು.

ಇದರಿಂದ ಹಗುರವಾದುದು ಮಕ್ಕಳ ಹಸಿವು ಮಾತ್ರವಲ್ಲ. ಬೆಳಗಾಗುತ್ತಲೇ ಕೂಲಿಗೆ ಹೋಗುವ ತಾಯಿಗೆ ನಡುಹಗಲಿನ ಚಿಂತೆಯೊಂದು ತಪ್ಪಿತು. ತಮ್ಮಂದಿರನ್ನು ನೋಡಿಕೊಂಡು ಮನೆಯಲ್ಲಿರಬೇಕಾಗಿದ್ದ ಹುಡುಗಿಯನ್ನು ಶಾಲೆಗೆ ಕಳುಹಿಸಲು ಅವಳಿಗೊಂದು ಕಾರಣ ದೊರೆಯಿತು. ವಿಧವೆಯಾದ ತಾಯಿಯ ಕಷ್ಟವನ್ನು ಕಂಡು ಬೆಳೆದ ಮಗನು ಇದನ್ನು ಅರಿಯದಿರುವನೇ? ಆ ತಾಯಿಯು ಮಗನು ಮುಖ್ಯಮಂತ್ರಿಯಾದ ಮೇಲೆಯೂ ವಿರುದುನಗರದ ಹಳೆಯ ಮನೆಯಲ್ಲಿಯೇ ಉಳಿದರು.

1963ರಲ್ಲಿ ಪಕ್ಷದ ಕೆಲಸಕ್ಕಾಗಿ ಕಾಮರಾಜರು ಅಧಿಕಾರವನ್ನು ತಾವಾಗಿ ಬಿಟ್ಟರು. ಮರುವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ದೇಶಕ್ಕೆ ಇಬ್ಬರು ಪ್ರಧಾನಿಗಳನ್ನು ಆರಿಸುವುದರಲ್ಲಿ ಅವರ ಕೈ ದೊಡ್ಡದು. 1967ರಲ್ಲಿ ಹುಟ್ಟೂರೇ ಅವರನ್ನು ಚುನಾವಣೆಯಲ್ಲಿ ಸೋಲಿಸಿತು! 1975ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, ಅವರು ಕಾಲವಾದರು. ಮರುವರ್ಷ ಭಾರತರತ್ನ ಪ್ರಶಸ್ತಿ ಸಂದಿತು.

ಅವರು ಹೊತ್ತಿಸಿದ ಒಲೆ ಆರಲಿಲ್ಲ. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರ ಸರ್ಕಾರ ಈ ಯೋಜನೆಯನ್ನು ಬಹುವಾಗಿ ಹಿಗ್ಗಿಸಿ, ಅಡುಗೆಯ ಕೆಲಸಕ್ಕೆ ವಿಧವೆಯರನ್ನೂ ನಿರ್ಗತಿಕ ಸ್ತ್ರೀಯರನ್ನೂ ಮೊದಲು ಕರೆಯಿತು. ಕರ್ನಾಟಕದ ಅಕ್ಷರ ದಾಸೋಹವು 2002ರಲ್ಲಿ ಆರಂಭವಾಯಿತು. ಬಡಿಸುವುದನ್ನು ತಾಯಂದಿರು ಸರದಿಯಂತೆ ಬಂದು ನೋಡಿಕೊಳ್ಳಲೆಂದು ರಾಷ್ಟ್ರೀಯ ಮಾರ್ಗಸೂಚಿಗಳೂ ಸೂಚಿಸಿದವು. ಮಗುವನ್ನು ಸೇರಿಸುವ ದಿನ ಮಾತ್ರ ಶಾಲೆಯ ಮೆಟ್ಟಿಲು ಹತ್ತುತ್ತಿದ್ದ ಹೆಂಗಸರಿಗೆ ಹೀಗೆ ಒಂದೆಡೆ ಕೂಡಿ ಅನ್ನವು ಬೆಂದಿದೆಯೇ, ಪಾಠವು ನಡೆದಿದೆಯೇ ಎಂದು ವಿಚಾರಿಸುವ ಅಧಿಕಾರ ಬಂದಿತು. 2022ರಿಂದ ತಮಿಳುನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವೂ ಸೇರಿತು. ಊರೂರುಗಳಲ್ಲಿ ಅದನ್ನು ಬೇಯಿಸಲು ಮಹಿಳಾ ಸ್ವಸಹಾಯ ಸಂಘದವರು ಗಂಟೆ ಬಾರಿಸುವುದಕ್ಕೆ ಬಹಳ ಮುಂಚೆಯೇ ಬಂದು ಒಲೆ ಹೊತ್ತಿಸುತ್ತಾರೆ.