ಕಿದ್ವಾಯಿ ಅಂದ್ರೆ ಬರೀ ದವಾಖಾನೆ ಅಲ್ಲ: ಸಾಲ ಬಿಟ್ಟು ಹೋದ ಮಂತ್ರಿಯ ಕತೆ

ಸೇಡಂ: ಊರಾಗ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ್ರೆ ಮಂದಿ ರೋಗದ ಹೆಸರು ಹೇಳೋದಿಲ್ಲ. ಕಿದ್ವಾಯಿಗೆ ಕರ್ಕೊಂಡು ಹೋಗ್ಯಾರ ಅಂತಾರ, ಅಷ್ಟಕ್ಕೇ ಎಲ್ಲರಿಗೂ ತಿಳೀತದ. ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲು ಹತ್ತುವ ಎಷ್ಟೋ ಕುಟುಂಬಗಳಿಗೆ ಈ ಹೆಸರು ಗೊತ್ತು. ಆದರೆ ಕಿದ್ವಾಯಿ ಯಾರು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ರಫಿ ಅಹ್ಮದ್ ಕಿದ್ವಾಯಿ ಹುಟ್ಟಿದ್ದು 1894ರ ಫೆಬ್ರುವರಿ 18ರಂದು, ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಎಂಬ ಹಳ್ಳಿಯಲ್ಲಿ. ಜಮೀನ್ದಾರರ ಮನೆತನ. ಅಲಿಗಢದಲ್ಲಿ ಓದಿದರು. ಗಾಂಧೀಜಿ ಅಸಹಕಾರ ಚಳವಳಿಗೆ ಕರೆ ಕೊಟ್ಟಾಗ ಕಾನೂನು ಓದು ಅರ್ಧಕ್ಕೇ ಬಿಟ್ಟು ಬಂದರು, ಜೈಲಿಗೂ ಹೋದರು. ಮೋತಿಲಾಲ್ ನೆಹರೂ ಅವರ ಆಪ್ತ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು.

1937ರಲ್ಲಿ ತಮ್ಮ ಪ್ರಾಂತ್ಯದ ಕಂದಾಯ ಮಂತ್ರಿಯಾದರು. ಜಮೀನ್ದಾರರ ಮಗನಾದ್ರೂ ನಿಂತಿದ್ದು ಗೇಣಿದಾರರ ಪರವಾಗಿ.

ಸ್ವತಂತ್ರ ಭಾರತದ ಮೊದಲ ಸಂಪರ್ಕ ಮಂತ್ರಿ ಇವರೇ. 1949ರಲ್ಲಿ ರಾತ್ರಿ ವಿಮಾನದಲ್ಲಿ ಅಂಚೆ ಸಾಗಿಸುವ ವ್ಯವಸ್ಥೆ ತಂದರು. 1952ರಲ್ಲಿ ಆಹಾರ ಮತ್ತು ಕೃಷಿ ಖಾತೆ ಬಂತು. ಆಗ ಧಾನ್ಯಕ್ಕೆ ಕಂಟ್ರೋಲ್, ಮಂದಿಗೆ ರೇಷನ್ ಸಾಲು. ಕಿದ್ವಾಯಿ ಸಾಹೇಬರು ಹಂತ ಹಂತವಾಗಿ ಆ ಕಂಟ್ರೋಲ್ ಸಡಿಲ ಮಾಡಿದರು. ಹಳೇ ಕಿರಾಣಿ ವ್ಯಾಪಾರಿಗಳ ಮನೆತನಕ್ಕೆ ಇದರ ಬೆಲೆ ಗೊತ್ತು.

ಕೈಗೆ ಬಂದದ್ದು ಕೇಳಿದವರಿಗೆ ಕೊಡೋದು ಅವರ ಸ್ವಭಾವ. 1954ರ ಅಕ್ಟೋಬರ್ 24ರಂದು ದೆಹಲಿಯಲ್ಲಿ ಭಾಷಣ ಮಾಡ್ತಿದ್ದಾಗ ಉಬ್ಬಸ ಜೋರಾಗಿ, ಹೃದಯ ನಿಂತು ತೀರಿಕೊಂಡರು. ಆಗ 60 ವರ್ಷ. ಇಷ್ಟು ವರ್ಷ ಮಂತ್ರಿಯಾಗಿದ್ದವರು ಹಿಂದೆ ಬಿಟ್ಟಿದ್ದು ಸಾಲ ಮತ್ತು ಹಳ್ಳಿಯ ಒಂದು ಹಳೇ ಮನೆ. ಆವಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ಹೈದರಾಬಾದ್ ರಾಜ್ಯದಾಗ ಇದ್ದವು.

ಮಂತ್ರಿಯಾಗಿದ್ದಾಗ ಬೆಂಗಳೂರಿನಲ್ಲಿ ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಗೆ ಅವರು ನೆರವು ಕೊಟ್ಟಿದ್ದರು. ಆ ನೆನಪಿಗೆ 1973ರ ಜೂನ್ 26ರಂದು ಶುರುವಾದ ಸಂಸ್ಥೆಗೆ ಅವರ ಹೆಸರಿಟ್ಟರು. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು.

ಈಗ ಕಿದ್ವಾಯಿ ನಮ್ಮ ಸನಿಹಕ್ಕೂ ಬಂದಿದೆ. ಅದರ ಕೇಂದ್ರ ಕಲಬುರಗಿಯಲ್ಲೇ ಇದೆ. ಆದರೂ ಹಾಸುಗಲ್ಲಿನ ಗಣಿಯ ಕೂಲಿಕಾರ, ತಾಂಡಾದ ಹೆಣ್ಣುಮಗಳು, ಸಂತೆಯಲ್ಲಿ ಕೂರುವ ಮುದುಕಿ ದವಾಖಾನೆಗೆ ಬರೋದು ನೋವು ತಡೆಯಲಾಗದೆ ಹೋದಾಗ. ಒಂದು ದಿನದ ಕೂಲಿ ಹೋಗ್ತದ ಅನ್ನೋ ಚಿಂತೆ, ಹೇಳಿಕೊಳ್ಳಲಿಕ್ಕೆ ನಾಚಿಕೆ. ಬಡವರಿಗೂ ಉಳ್ಳವರಿಗೂ ಬರೋದು ಒಂದೇ ರೋಗ, ಆದರೆ ಬಡವರಿಗೆ ತಡವಾಗಿ ಗೊತ್ತಾಗ್ತದ. ಜೀವ ಹೋಗೋದು ಆ ತಡದಿಂದ.

ಬಾಯಾಗಿನ ಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೆ, ಎದೆಯಲ್ಲಿ ಗಂಟು ಸಿಕ್ಕರೆ, ಮುಟ್ಟು ನಿಂತ ಮೇಲೂ ರಕ್ತ ಹೋದರೆ ತಡ ಮಾಡಬಾರದು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದ ಕಾರ್ಯಕ್ರಮದಲ್ಲೇ ಸೇರಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಬಹುದು. ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ನೆರವು ಸಿಗ್ತದ. ಬಾಯಿ ಕ್ಯಾನ್ಸರ್‌ಗೆ ದೊಡ್ಡ ಕಾರಣ ಗುಟ್ಕಾ, ತಂಬಾಕು. ಅಂಗಡಿ ಮುಂದೆ ಮಾಲೆ ಕಟ್ಟಿ ತೂಗುಹಾಕಿದವರೂ ಇದನ್ನ ಒಮ್ಮೆ ಯೋಚಿಸಬೇಕು.

ತಮಗಂತ ಏನೂ ಇಟ್ಟುಕೊಳ್ಳದ ಮನುಷ್ಯನ ಹೆಸರು ಆ ದವಾಖಾನೆಗಿದೆ. ಆ ಹೆಸರು ಕೇಳಿ ಹೆದರೋದು ಬೇಡ. ಬೇಗ ಹೋದರೆ ವಾಪಸ್ ಬರ್ತಾರ.