ಬಲ್ಬುಗಳಿಂದ ಗೆಲಾಕ್ಸಿ ಕಟ್ಟಿದ ಹೋಮ್‌ಬರ್ಗ್

ಮೈಸೂರಿನ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನಾನು ಮಾಡಿದ ಅಭ್ಯಾಸ ಪಾಠವಿದು. ಗೆಲಾಕ್ಸಿಗಳ ಡಿಕ್ಕಿಯನ್ನು ಕಂಪ್ಯೂಟರ್ ಇಲ್ಲದೆ ತೋರಿಸುವುದು ಹೇಗೆಂದು ಕಂಗಾಲಾಗಿದ್ದಾಗ ಎರಿಕ್ ಹೋಮ್‌ಬರ್ಗರ ಜೀವನ ಕೈಹಿಡಿಯಿತು.

1908ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಅವರು ಲುಂಡ್‌ನಲ್ಲಿ ಜೋಡಿ ಗೆಲಾಕ್ಸಿಗಳನ್ನು ಅಭ್ಯಸಿಸಿದರು. ಅವರಿಗೂ ಕಂಪ್ಯೂಟರ್ ಇರಲಿಲ್ಲ. ಬೆಳಕೂ ಗುರುತ್ವವೂ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತವೆ. ಆದ್ದರಿಂದ ಗೆಲಾಕ್ಸಿಗೆ 37ರಂತೆ 74 ಬಲ್ಬು ಜೋಡಿಸಿ, ಪ್ರತಿ ಬಲ್ಬಿನ ಜಾಗದಲ್ಲಿ ಬೆಳಕು ಅಳೆದು, ಅದರಂತೆ ಅವುಗಳನ್ನು ಹಂತಹಂತವಾಗಿ ಸರಿಸಿದರು. ಹತ್ತಿರ ಹಾಯ್ದ ಗೆಲಾಕ್ಸಿಗಳು ಸುರುಳಿ ತೋಳು ಚಾಚಿ, ಶಕ್ತಿ ಕಳೆದುಕೊಂಡು, ಒಂದಕ್ಕೊಂದು ಸಿಕ್ಕಿಕೊಳ್ಳಬಲ್ಲವೆಂದು 1941ರಲ್ಲಿ ಪ್ರಕಟಿಸಿದರು. ಮುಂದೆ ಉಪ್ಸಲಾದಲ್ಲಿ ಪ್ರಾಧ್ಯಾಪಕರಾದರು, 2000ದಲ್ಲಿ ತೀರಿಕೊಂಡರು.

ಬಲ್ಬಿನ ಮುಂದೆ ಚೌಕ ಕಿಂಡಿಯ ರಟ್ಟು ಹಿಡಿದೆ. ದೂರ ಎರಡರಷ್ಟಾದಾಗ ಬೆಳಕು ನಾಲ್ಕು ಚೌಕಕ್ಕೆ ಹರಡಿತೆಂದು ಮಕ್ಕಳೇ ಎಣಿಸಿ ಹೇಳಿದರು.